ಹಳದಿ ಹರಳು: ಕೆಲಸ ಗೊತ್ತಿಲ್ಲದ ಯೀಸ್ಟ್ ಪ್ರೋಟೀನೊಂದರ ಪ್ರಕರಣ

ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಕಲಿಸುವ ನನಗೆ ಡಿಸೆಂಬರ್ ಬಂತೆಂದರೆ ಎಂ.ಎಸ್ಸಿ. ಮಕ್ಕಳಿಗೆ ಪ್ರಾಜೆಕ್ಟ್ ಹಂಚುವ ಚಿಂತೆ. ಬೇವು, ನುಗ್ಗೆ, ತುಳಸಿ, ಯಾವುದೋ ಒಂದು ಸೊಪ್ಪು ಅರೆದು, ರಸ ತೆಗೆದು, ಆಂಟಿಆಕ್ಸಿಡೆಂಟ್ ಎಷ್ಟಿದೆ ಎಂದು ಅಳೆದರೆ ಮೂರು ತಿಂಗಳಲ್ಲಿ ಎಪ್ಪತ್ತು ಪುಟ ತಯಾರು. ಅಂಥವಕ್ಕೆ ನಾನೂ ಸಾಕಷ್ಟು ಸಹಿ ಹಾಕಿದ್ದೇನೆ. ಆ ವರ್ಷ ಅಣ್ಣಿಗೇರಿಯಿಂದ ದಿನಾ ಓಡಾಡುವ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸರ್, ನನಗ ಸೊಪ್ಪು ಬ್ಯಾಡ್ರಿ. ಎಕ್ಸ್-ರೇ ಹಾಕಿ ಪ್ರೋಟೀನ್ ಆಕಾರ ನೋಡ್ತಾರಲ್ರಿ, ಅದನ್ನ ಮಾಡ್ತೀನ್ರಿ" ಅಂದಳು.

ನಮ್ಮಲ್ಲಿ ಎಕ್ಸ್-ರೇ ಯಂತ್ರ ಇರಲಿಲ್ಲ, ಹಣವೂ ಇರಲಿಲ್ಲ. ಹೊಸ ಪ್ರೋಟೀನ್ ಹಿಡಿದು ಆರು ತಿಂಗಳಲ್ಲಿ ಅದರ ರಚನೆ ಬಿಡಿಸುತ್ತೇವೆ ಎಂದು ಹೊರಟರೆ ಅದು ಹುಚ್ಚುತನವೇ ಸರಿ. ಅದಕ್ಕೆ ಬೇರೆಯವರು ಆಗಲೇ ಬಿಡಿಸಿಟ್ಟ ಒಂದು ಪ್ರೋಟೀನನ್ನೇ ಆರಿಸಿ, ಅವರು ನಡೆದ ದಾರಿಯಲ್ಲಿ ನಾವೂ ನಡೆದು ನೋಡೋಣ ಅಂದುಕೊಂಡೆ. ಕರಾರು ಒಂದೇ: ರಚನೆಯ ಲೇಖನ ಅವಳು ಓದಬಾರದು. ನಾನು ಓದಿದ್ದೆ.

ಆ ಪ್ರೋಟೀನಿನ ಹೆಸರು ವೈಬಿಎಲ್036ಸಿ. ಹೆಸರಲ್ಲ, ಅದೊಂದು ವಿಳಾಸ. ವೈ ಅಂದರೆ ಯೀಸ್ಟ್. ಬಿ ಅಂದರೆ ಎರಡನೆಯ ಕ್ರೋಮೋಸೋಮ್. ಎಲ್ ಅಂದರೆ ಅದರ ಎಡ ತೋಳು. ಎರಡು ತೋಳು ಕೂಡುವ ಸೆಂಟ್ರೋಮಿಯರಿನಿಂದ ಎಣಿಸುತ್ತ ಹೋದರೆ 36ನೆಯ ಮನೆ. ಕೊನೆಯ ಸಿ, ಡಿಎನ್‌ಎಯ ಎರಡು ಎಳೆಗಳಲ್ಲಿ ಕ್ರಿಕ್ ಎಂದು ಕರೆಯುವ ಎಳೆ, ಇನ್ನೊಂದು ವಾಟ್ಸನ್. ಊರು, ಓಣಿ, ಮನೆ ನಂಬರು, ರಸ್ತೆಯ ಯಾವ ಮಗ್ಗುಲು ಎಂಬುದೆಲ್ಲ ಇದೆ. ಮನೆಯಲ್ಲಿರುವವರ ಉದ್ಯೋಗ ಮಾತ್ರ ಬರೆದಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಪೂರ್ತಿ ಜೀನೋಮ್ 1996ರಲ್ಲಿ ಸಿಕ್ಕಾಗ 16 ಕ್ರೋಮೋಸೋಮುಗಳಲ್ಲಿ ಸುಮಾರು 6000 ಜೀನುಗಳ ಪಟ್ಟಿ ಬಂತು. ಅದರಲ್ಲಿ ಇಂಥ ಉದ್ಯೋಗವಿಲ್ಲದ ಮನೆಗಳು ರಾಶಿ ರಾಶಿ ಇದ್ದವು. ಕಡತಗಳಲ್ಲಿ ಇವಕ್ಕೆ 'ಕಾಲ್ಪನಿಕ ಪ್ರೋಟೀನ್' ಎಂಬ ಹಣೆಪಟ್ಟಿ. ಅನುಕ್ರಮ ನೋಡಿದರೆ ಇಲ್ಲೊಂದು ಪ್ರೋಟೀನ್ ಇರಬೇಕು, ಕಂಡವರಿಲ್ಲ ಎಂದು ಅರ್ಥ.

ಅಮೆರಿಕದ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ತಂಡ ಇದನ್ನು ಆರಿಸಿದ್ದು ಅದಕ್ಕೇ. ಹನ್ನೊಂದು ಪ್ರೋಟೀನುಗಳ ಒಂದು ಕುಟುಂಬದ್ದು ಎನ್ನುವುದು ಮೊದಲ ಅಂದಾಜು. ಆ ಕುಟುಂಬದ ಯಾರ ರಚನೆಯೂ ಗೊತ್ತಿರಲಿಲ್ಲ, ಕೆಲಸವೂ ಗೊತ್ತಿರಲಿಲ್ಲ. ಆಗ ಹೊಸದಾಗಿ ಹುಟ್ಟಿದ್ದ ವಿಚಾರ ಇದು: ಮೊದಲು ಆಕಾರ ನೋಡೋಣ, ಆಕಾರ ಕಂಡರೆ ಕೆಲಸ ತಾನೇ ತಿಳಿಯುತ್ತದೆ. ಲೇಖನ 2003ರಲ್ಲಿ ಬಂತು.

ಜೀನಿಗಾಗಿ ನಾವು ಎಲ್ಲಿಗೂ ಬರೆಯಲಿಲ್ಲ. ಹುಬ್ಬಳ್ಳಿಯ ಬೇಕರಿ ಸಾಮಾನಿನ ಅಂಗಡಿಯಲ್ಲಿ ಒಣ ಯೀಸ್ಟ್ ಪ್ಯಾಕೆಟ್ ತಂದು, ಡಿಎನ್‌ಎ ತೆಗೆದು, ಪಿಸಿಆರ್ ಮಾಡಿದೆವು. ಯೀಸ್ಟಿನ ಹೆಚ್ಚಿನ ಜೀನುಗಳ ಒಳಗೆ ಇಂಟ್ರಾನ್ (ಪ್ರೋಟೀನಿನ ಸಂಕೇತವಿಲ್ಲದ ತುಣುಕು) ಇರುವುದಿಲ್ಲ, ಇದಕ್ಕೂ ಇಲ್ಲ. ಹೀಗಾಗಿ ನೇರ ಡಿಎನ್‌ಎಯಿಂದಲೇ 774 ಅಕ್ಷರ ಎತ್ತಿಕೊಳ್ಳಬಹುದು. ಬೇಕರಿ ಯೀಸ್ಟೂ ಲ್ಯಾಬಿನ ಯೀಸ್ಟೂ ಅಕ್ಷರಕ್ಕೆ ಅಕ್ಷರ ಒಂದೇ ಅಲ್ಲ. ಓದಿಸಿ ನೋಡಿದರೆ ಎರಡು ಕಡೆ ಬೇರೆ ಬಂತು, ಅಮೈನೋ ಆಮ್ಲ ಮಾತ್ರ ಬದಲಾಗಿರಲಿಲ್ಲ. ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ, ಪ್ರೋಟೀನಿನ ಬಾಲಕ್ಕೆ ಆರು ಹಿಸ್ಟಿಡಿನ್ (ಒಂದು ಅಮೈನೋ ಆಮ್ಲ) ಕಟ್ಟಿ, ರಾತ್ರಿಯಿಡೀ 18 ಡಿಗ್ರಿಯಲ್ಲಿ ಬೆಳೆಸಿದೆವು. ಇಲ್ಲಿಯವರೆಗೆ ವಿಶೇಷ ಏನಿಲ್ಲ.

ಕಾಲಂ ಹಸಿರಾದ ರಾತ್ರಿ

ಹಿಸ್ಟಿಡಿನ್ ಬಾಲವಿರುವ ಪ್ರೋಟೀನು ನಿಕ್ಕಲ್ ಕಾಲಂಗೆ ಅಂಟಿಕೊಳ್ಳುತ್ತದೆ, ಉಳಿದ ಕಸ ಹರಿದುಹೋಗುತ್ತದೆ. ನಿಕ್ಕಲ್ ಕಾಲಂನ ಬಣ್ಣ ತಿಳಿ ನೀಲಿ. ರಾತ್ರಿ ಎಂಟೂವರೆಗೆ ಫೋನ್ ಬಂತು.

"ಸರ್, ಕಾಲಂ ಹೊಲಸಾಗೇತ್ರಿ."

"ಹೊಲಸು ಅಂದ್ರ ಹೆಂಗವಾ?"

"ಹಸರಾಗೇತ್ರಿ. ತೊಳದೂ ತೊಳದೂ ಸಾಕಾತ್ರಿ. ಹೋಗವಲ್ತು."

ಇನ್ನೂ ಒಂದು ಸಲ ತೊಳಿ, ಆಮೇಲೆ ಅಂಟಿದ ಪ್ರೋಟೀನನ್ನು ಬಿಡಿಸುವ ಇಮಿಡಝೋಲ್ ಹಾಕು ಅಂದೆ. ಹತ್ತು ನಿಮಿಷಕ್ಕೆ ಫೋಟೋ ಬಂತು. ಕಾಲಂ ಮತ್ತೆ ನೀಲಿ, ಕೆಳಗಿನ ಟ್ಯೂಬಿನಲ್ಲಿ ಅರಿಶಿನ ಕದಡಿದಂಥ ನೀರು. ನೀಲಿಯ ಮೇಲೆ ಹಳದಿ ಕೂತಿದ್ದಕ್ಕೆ ಹಸಿರು ಕಂಡಿತ್ತು. ಹಳದಿ ಅಂದರೆ ಹೊಲಸಲ್ಲ, ನಮ್ಮ ಪ್ರೋಟೀನೇ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದಾಗ 29 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಹತ್ತಿರ ಒಂದೇ ದಪ್ಪ ಪಟ್ಟಿ ಬಂತು. 257 ಅಮೈನೋ ಆಮ್ಲಕ್ಕೆ ಅಷ್ಟೇ ಇರಬೇಕು.

ಬರೀ ಅಮೈನೋ ಆಮ್ಲಗಳ ಸರಪಳಿಗೆ ಬಣ್ಣ ಇರುವುದಿಲ್ಲ. ಮೊಟ್ಟೆಯ ಬಿಳಿ ಭಾಗ ನೋಡಿ. ಬಣ್ಣ ಬಂದಿದೆ ಎಂದರೆ ಒಳಗೆ ಬೇರೆ ಏನೋ ಕೂತಿದೆ. ಮರುದಿನ ಅವಳು, ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟು ನೋಡಿದಾಗ 280ರ ಮಾಮೂಲಿ ಗುಡ್ಡದ ಜೊತೆ 420 ನ್ಯಾನೋಮೀಟರ್ ಹತ್ತಿರ ಇನ್ನೊಂದು ಸಣ್ಣ ಗುಡ್ಡ. ಕಾಸ್ಟಿಕ್ ಸೋಡಾ ಹಾಕಿ ಪ್ರೋಟೀನನ್ನು ಬಿಚ್ಚಿಸಿದರೆ ಆ ಗುಡ್ಡ 390ರ ಸುತ್ತ ಸರಿದು ನಿಂತಿತು. ನಮ್ಮ ಕಪಾಟಿನಲ್ಲಿ ಪಿರಿಡಾಕ್ಸಲ್ ಫಾಸ್ಫೇಟಿನ ಒಂದು ಹಳೆಯ ಬಾಟಲಿ ಇತ್ತು. ಲಿವರ್ ಟೆಸ್ಟಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಬರುತ್ತದಲ್ಲ, ಆ ಎಂಜೈಮುಗಳು ಅದಿಲ್ಲದೆ ಕೆಲಸ ಮಾಡವು. ಆ ಪ್ರಾಕ್ಟಿಕಲ್ಲಿಗೆಂದು ತರಿಸಿದ್ದು. ಅವಳು ತಾನಾಗಿಯೇ ಅದನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಓಡಿಸಿದಳು. ಎರಡೂ ಗೆರೆ ಒಂದರ ಮೇಲೊಂದು ಕೂತವು.

ಪಿರಿಡಾಕ್ಸಲ್ ಫಾಸ್ಫೇಟ್ ಅಂದರೆ ಬಿ6 ವಿಟಮಿನ್ನಿನ ಕೆಲಸ ಮಾಡುವ ರೂಪ. ಅಂದರೆ, ಎಕ್ಸ್-ರೇ ಮುಟ್ಟುವ ಮೊದಲೇ, ಒಂದು ಕ್ಯುವೆಟ್ಟಿನಲ್ಲಿ, ಈ 'ಕಾಲ್ಪನಿಕ' ಪ್ರೋಟೀನು ಬಿ6 ಹಿಡಿದುಕೊಂಡು ಕೂತಿದೆ ಎಂದು ಗೊತ್ತಾಗಿಬಿಟ್ಟಿತು. ಟ್ಯೂಬಿನಲ್ಲಿ ಅರಿಶಿನದ ಹಾಗೆ ಹೊಳೆಯುವುದನ್ನು ಕಾಲ್ಪನಿಕ ಅನ್ನುವುದು ಹೇಗೆ ಎಂದು ಅವಳು ಕೇಳಿದಳು. ನಾನು ಉತ್ತರ ಕೊಡಲಿಲ್ಲ, ಕರಾರು ಇತ್ತಲ್ಲ.

ಬಿಳಿ ಹರಳು

ಎಕ್ಸ್-ರೇಗೆ ಆಕಾರ ಕಾಣಬೇಕೆಂದರೆ ಪ್ರೋಟೀನು ಹರಳಾಗಿರಬೇಕು. ಪ್ರೋಟೀನಿಗೆ ಹರಳು ಕಟ್ಟಿಸುವುದು ಕಲ್ಲುಸಕ್ಕರೆ ಮಾಡಿದ ಹಾಗೆ, ಆದರೆ ಸಕ್ಕರೆಯಷ್ಟು ಸಭ್ಯವಲ್ಲ. 24 ಗುಳಿಗಳ ಪ್ಲೇಟು. ಗುಳಿಯಲ್ಲಿ ಅರ್ಧ ಮಿಲಿಲೀಟರ್ ಉಪ್ಪೋ ಪಾಲಿಎಥಿಲೀನ್ ಗ್ಲೈಕಾಲೋ ಇರುವ ದ್ರಾವಣ. ಗಾಜಿನ ಬಿಲ್ಲೆಯ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನು, ಒಂದು ಮೈಕ್ರೋಲೀಟರ್ ಆ ದ್ರಾವಣ ಬೆರೆಸಿ, ಬಿಲ್ಲೆಯನ್ನು ಮಗುಚಿ ಗುಳಿಗೆ ಮುಚ್ಚಿ, ಅಂಚಿಗೆ ಗ್ರೀಸ್ ಹಚ್ಚಿ ಗಾಳಿಯಾಡದಂತೆ ಮಾಡಬೇಕು. ಹನಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಅದರ ನೀರು ನಿಧಾನಕ್ಕೆ ಗುಳಿಗೆ ಹೋಗುತ್ತದೆ, ಹನಿ ಗಟ್ಟಿಯಾಗುತ್ತದೆ, ಪುಣ್ಯವಿದ್ದರೆ ಪ್ರೋಟೀನಿನ ಅಣುಗಳು ಸಾಲುಹಿಡಿದು ಹರಳಾಗುತ್ತವೆ. ಇಲ್ಲದಿದ್ದರೆ ಮೊಸರು ಒಡೆದಂತೆ ಒಡೆದು ಬೀಳುತ್ತವೆ. ಯಾವ ದ್ರಾವಣ, ಎಷ್ಟು ಪಿಎಚ್ ಎಂದು ಮೊದಲೇ ಹೇಳುವ ಶಾಸ್ತ್ರ ಇಲ್ಲ. ನೂರು ಹಾಕಿ ನೋಡಬೇಕು.

ನಾಲ್ಕನೆಯ ದಿನ ಹರಳು ಬಂತು. ಎಂಥ ಹರಳು! ಅಂಚು ಹರಿತ, ಮೈ ನಿಚ್ಚಳ, ಸೂಕ್ಷ್ಮದರ್ಶಕದ ಕೆಳಗೆ ಮೂಗುತಿ ಹರಳಿನಂತೆ ಮಿಂಚುತ್ತಿತ್ತು. ಒಂದಲ್ಲ, ಒಂಬತ್ತು ಗುಳಿಗಳಲ್ಲಿ. ನಾನು ಹಿಗ್ಗಿ, ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡೆ ತರಿಸಿ ವಿಭಾಗಕ್ಕೆಲ್ಲ ಹಂಚಿದೆ. ಅಟೆಂಡರ್ ಕಾಕಾ ಎರಡು ತಗೊಂಡರು.

ಹುಡುಗಿ ಪೇಡೆ ತಿನ್ನಲಿಲ್ಲ. ಮತ್ತೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ, "ಸರ್, ನಮ್ಮ ಪ್ರೋಟೀನ್ ಹಳದಿ ಐತಲ್ರಿ. ಹರಳು ಯಾಕ ಬಿಳೇದೈತ್ರಿ?" ಅಂದಳು.

ನಾನು ಸುಮ್ಮನಾದೆ. ಪರೀಕ್ಷೆ ಸುಲಭ: ಸೂಜಿಯಿಂದ ಒತ್ತಬೇಕು. ಪ್ರೋಟೀನಿನ ಹರಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಹೀಗಾಗಿ ಒತ್ತಿದರೆ ಬೆಣ್ಣೆಯಂತೆ ಸದ್ದಿಲ್ಲದೆ ಮುದ್ದೆಯಾಗುತ್ತದೆ. ಇದು ಕಟಕ್ ಎಂದು ಮುರಿಯಿತು. ಉಪ್ಪು. ಕ್ಯಾಲ್ಸಿಯಂ ಫಾಸ್ಫೇಟ್. ಪ್ರೋಟೀನನ್ನು ಕೊನೆಯ ಹಂತದಲ್ಲಿ ಫಾಸ್ಫೇಟ್ ಬಫರಿನಲ್ಲಿ ಇಡಲು ಹೇಳಿದವನು ನಾನೇ. ಆ ಒಂಬತ್ತೂ ಗುಳಿಗಳ ದ್ರಾವಣದಲ್ಲಿ ಕ್ಯಾಲ್ಸಿಯಂ ಇತ್ತು. ಎರಡೂ ಸೇರಿದರೆ ಇನ್ನೇನಾದೀತು? ಇಪ್ಪತ್ತು ವರ್ಷ ಪಾಠ ಮಾಡಿದವನು ಮಾಡಬಾರದ ತಪ್ಪು. ಬಣ್ಣವಿಲ್ಲದ ಪ್ರೋಟೀನಾಗಿದ್ದರೆ ನಾವು ಈ ಉಪ್ಪನ್ನೇ ಹೊತ್ತುಕೊಂಡು ಬೆಂಗಳೂರಿಗೆ ಹೋಗುತ್ತಿದ್ದೆವು.

ಫಾಸ್ಫೇಟ್ ಬಿಟ್ಟು ಹೆಪೆಸ್ ಬಫರಿಗೆ ಬದಲಿಸಿದೆವು. ಮಾರ್ಚ್ ಕೊನೆಗೆ ಪಾಲಿಎಥಿಲೀನ್ ಗ್ಲೈಕಾಲ್ ಇದ್ದ ಎರಡು ಗುಳಿಗಳಲ್ಲಿ ಕೂದಲೆಳೆಯಂಥ ಹಳದಿ ಸೂಜಿಗಳು ಬಂದವು. ಅದೇ ವಾರ ಮಧ್ಯಾಹ್ನ ಮೂರು ತಾಸು ಕರೆಂಟ್ ಹೋಗಿ, ಎ.ಸಿ. ನಿಂತು, ಕೋಣೆ ಕಾದು, ಸೂಜಿಗಳು ಕರಗಿ ಹಳದಿ ಹನಿ ಮಾತ್ರ ಉಳಿಯಿತು. ಪರಿಹಾರ ಹೇಳಿದವರು ಅಟೆಂಡರ್ ಕಾಕಾ: "ಸಾಹೇಬ್ರ, ಹಳೇ ಕಟ್ಟಡದಾಗ ಕೆಳಗಿನ ಸ್ಟೋರ್ ರೂಮ್ ಐತಲ್ರಿ, ಬ್ಯಾಸಗ್ಯಾಗೂ ತಣ್ಣಗಿರ್ತೈತಿ. ಅಲ್ಲಿಡ್ರಿ." ಎರಡಡಿ ದಪ್ಪದ ಕಲ್ಲಿನ ಗೋಡೆ. ಥರ್ಮಾಮೀಟರ್ ಇಟ್ಟು ನೋಡಿದರೆ ಹಗಲಿಗೂ ರಾತ್ರಿಗೂ ಒಂದು ಡಿಗ್ರಿ ಫರಕು. ಹಳೆಯ ದಾಖಲೆ ಪುಸ್ತಕಗಳ ನಡುವೆ ಥರ್ಮೋಕೋಲ್ ಡಬ್ಬಿಯಲ್ಲಿ ಪ್ಲೇಟು ಇಟ್ಟೆವು. ಹದಿನೆಂಟು ದಿನಕ್ಕೆ ಸೂಜಿಗಳ ಬದಲು ಚಪ್ಪಟೆ ಹಲಗೆಯಂಥ ಹರಳುಗಳು, ಉದ್ದಕ್ಕೆ ಮಿಲಿಮೀಟರಿನ ಐದನೆಯ ಒಂದು ಭಾಗ. ಬಣ್ಣ ಹಳದಿ. ಈ ಸಲ ಪೇಡೆ ತರಿಸಲಿಲ್ಲ.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪರಿಚಯದವರು ಒಂದು ರಾತ್ರಿಯ ಮಟ್ಟಿಗೆ ಯಂತ್ರ ಬಿಟ್ಟುಕೊಟ್ಟರು. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಪ್ಲೇಟು ಅಲುಗಾಡಿದರೆ ಹನಿ ಗುಳಿಗೆ ಬಿದ್ದು ಎಲ್ಲ ಮುಗಿಯುತ್ತದೆ, ಆದ್ದರಿಂದ ಡಬ್ಬಿ ಅವಳ ತೊಡೆಯ ಮೇಲೆಯೇ. ಹಾವೇರಿ ದಾಟಿದ ಮೇಲೆ ಎದುರಿನ ಸೀಟಿನ ಅಜ್ಜ, "ಪೇಡೆ ಏನವಾ? ರಾತ್ರಿ ಎಲ್ಲಾ ಹಿಡಕೊಂಡ್ ಕುಂತೀಯಲ್ಲ, ಕೆಳಗಿಡು" ಅಂದ. "ಕೆಳಗಿಟ್ರ ಕೆಡ್ತೈತ್ರಿ ಅಜ್ಜಾರ" ಎಂದಳು. ಸುಳ್ಳೇನಲ್ಲ.

ಚುಕ್ಕೆಗಳಿಂದ ಆಕಾರಕ್ಕೆ

ಹರಳನ್ನು ನೈಲಾನ್ ಕುಣಿಕೆಯಲ್ಲಿ ಎತ್ತಿ, ಸೊನ್ನೆಗಿಂತ 173 ಡಿಗ್ರಿ ಕೆಳಗಿನ ಸಾರಜನಕದ ಗಾಳಿಗೆ ಒಡ್ಡಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಕ್ಸ್-ರೇ ಹಾಯಿಸಿದರೆ ಪರದೆಯ ಮೇಲೆ ಚುಕ್ಕೆಗಳು ಬೀಳುತ್ತವೆ. ಆರು ಹರಳು ಹಾಳಾದವು, ಏಳನೆಯದು 2.8 ಆಂಗ್‌ಸ್ಟ್ರಾಮ್‌ವರೆಗೆ ಚುಕ್ಕೆ ಕೊಟ್ಟಿತು. ಬ್ರೂಕ್‌ಹೇವನ್ನಿನವರಿಗೆ 2.0 ಸಿಕ್ಕಿತ್ತು. ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ, ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಸ್ಪಷ್ಟ. ಸಿಂಕ್ರೋಟ್ರಾನ್ (ತೀವ್ರ ಎಕ್ಸ್-ರೇ ಕೊಡುವ ದೊಡ್ಡ ಉಂಗುರದಂಥ ಯಂತ್ರ) ಬೆಳಕಿಗೂ ಕೋಣೆಯೊಳಗಿನ ಯಂತ್ರಕ್ಕೂ ಇರುವ ಅಂತರವೂ ಅದರಲ್ಲಿದೆ.

ಈಗ ಕಗ್ಗಂಟು. ಪ್ರತಿ ಚುಕ್ಕೆಯೂ ಒಂದು ಅಲೆ. ಅಲೆ ಎಷ್ಟು ಜೋರು ಎನ್ನುವುದು ಚುಕ್ಕೆಯ ಕಪ್ಪಿನಿಂದ ತಿಳಿಯುತ್ತದೆ, ಎಲ್ಲಿಂದ ಶುರುವಾಯಿತು ಎನ್ನುವುದು ತಿಳಿಯುವುದಿಲ್ಲ. ತರಗತಿಯಲ್ಲಿ ನಾನು ರೊಟ್ಟಿಯ ಉದಾಹರಣೆ ಕೊಡುತ್ತೇನೆ. ಓಣಿಯ ಹತ್ತು ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಯಾರ ಕೈ ಎಷ್ಟು ಜೋರು, ಎಷ್ಟು ಬೇಗ ಎಂದು ನಿಮಗೆ ಒಂದು ಪಟ್ಟಿ ಕೊಟ್ಟರು. ಆದರೆ ಯಾರು ಯಾವ ಕ್ಷಣಕ್ಕೆ ಬಡಿಯಲು ಶುರುಮಾಡಿದರು ಎಂದು ಬರೆದಿಲ್ಲ. ಆ ಪಟ್ಟಿಯಿಂದ ಓಣಿಯಲ್ಲಿ ಕೇಳಿದ ಒಟ್ಟು ಸಪ್ಪಳವನ್ನು ಮತ್ತೆ ಕಟ್ಟಲಾದೀತೆ? ಆಗದು. ಇದನ್ನೇ ಫೇಸ್ ಸಮಸ್ಯೆ ಅನ್ನುತ್ತಾರೆ.

ಬ್ರೂಕ್‌ಹೇವನ್ನಿನವರು ಇದನ್ನು ಎರಡು ಸಲ, ಎರಡು ಬೇರೆ ದಾರಿಗಳಲ್ಲಿ ಬಿಡಿಸಿದರು. ಹರಳಿಗೆ ಭಾರದ ಪರಮಾಣುಗಳನ್ನು ಊಡಿಸಿ ಚುಕ್ಕೆಗಳು ಎಷ್ಟು ಬದಲಾದವು ಎಂದು ನೋಡುವುದು ಒಂದು ದಾರಿ, ಹಳೆಯದು. ಇನ್ನೊಂದು ಸೆಲೆನಿಯಂ ದಾರಿ: ಮೆಥಿಯೋನಿನ್‌ನಲ್ಲಿ ಗಂಧಕದ ಜಾಗಕ್ಕೆ ಸೆಲೆನಿಯಂ ಇರುವ ಮೇವು ಹಾಕಿ ಬ್ಯಾಕ್ಟೀರಿಯಾ ಬೆಳೆಸಿದರೆ ಪ್ರೋಟೀನಿನಲ್ಲೂ ಸೆಲೆನಿಯಂ ಬಂದು ಕೂರುತ್ತದೆ, 0.98 ಆಂಗ್‌ಸ್ಟ್ರಾಮ್ ಆಸುಪಾಸಿನ ಎಕ್ಸ್-ರೇಗೆ ಸೆಲೆನಿಯಂ ಬೇರೆಯವರಂತೆ ವರ್ತಿಸುವುದಿಲ್ಲ. ತರಂಗಾಂತರ ತುಸು ತುಸು ಬದಲಿಸಿ ಅಳೆದರೆ ಸೆಲೆನಿಯಂ ಎಲ್ಲಿದೆ ಎಂದು ತಿಳಿಯುತ್ತದೆ, ಅಲ್ಲಿಂದ ಉಳಿದವರೆಲ್ಲ ಎಲ್ಲಿ ಶುರುಮಾಡಿದರು ಎಂದು ತಿಳಿಯುತ್ತದೆ. ತರಂಗಾಂತರವನ್ನು ಹೀಗೆ ಬೇಕಾದಂತೆ ಬದಲಿಸಲು ಸಿಂಕ್ರೋಟ್ರಾನೇ ಬೇಕು.

ನಮ್ಮದು ಅಗ್ಗದ ದಾರಿ. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಸಿಟಿ5 ಎಂಬ ಸಂಖ್ಯೆಯಲ್ಲಿ ಅವರ ರಚನೆ ಯಾರಿಗೂ ಉಚಿತ. ಅದನ್ನು ನಮ್ಮ ಹರಳಿನ ಕೋಣೆಯೊಳಗೆ ಕೂರಿಸಿ ಫೇಸ್ ಎರವಲು ಪಡೆದೆವು. ಎರವಲು ತಂದದ್ದಕ್ಕೆ ಒಂದು ಅಪಾಯ ಇದೆ: ಮಾದರಿಯಲ್ಲಿ ಏನಿದೆಯೋ ಅದೇ ಎಲೆಕ್ಟ್ರಾನ್ ನಕಾಶೆಯಲ್ಲೂ ಕಾಣುತ್ತದೆ, ನಮ್ಮ ಹರಳಿನಲ್ಲಿ ಅದು ಇಲ್ಲದಿದ್ದರೂ. ಆದ್ದರಿಂದ ಅವಳಿಗೆ ಫೈಲು ಕೊಡುವ ಮೊದಲೇ ನಾನು ಬಿ6ನ್ನೂ ಅದು ಅಂಟಿಕೊಂಡ ಲೈಸಿನ್ ಎಂಬ ಅಮೈನೋ ಆಮ್ಲದ ಬಾಲವನ್ನೂ ಕತ್ತರಿಸಿ ತೆಗೆದಿದ್ದೆ.

ಮೊದಲು ಕಂಡದ್ದು ಪೀಪಾಯಿ. ಎಂಟು ಪಟ್ಟಿಗಳು ಸುತ್ತಲೂ ನಿಂತು, ಹೊರಗೆ ಸುರುಳಿಗಳು ಕಾವಲು. ಟಿಮ್ ಬ್ಯಾರೆಲ್ ಎನ್ನುವ ಇದು ಪ್ರೋಟೀನ್ ಲೋಕದಲ್ಲಿ ತೀರ ಸಾಮಾನ್ಯ. ಒಂದು ವ್ಯತ್ಯಾಸ: ಮೂಲ ಟಿಮ್ ಪ್ರೋಟೀನ್ ಪಟ್ಟಿಯಿಂದ ಶುರುವಾದರೆ ಇದು ಉದ್ದದ ಸುರುಳಿಯಿಂದ ಶುರುವಾಗುತ್ತದೆ. ಪೀಪಾಯಿಯ ಬಾಯಿಯ ಹತ್ತಿರ, ನಾವು ಏನೂ ಇಡದ ಜಾಗದಲ್ಲಿ, ನಕಾಶೆ ಹಸಿರಾಗಿ ಉಬ್ಬಿತ್ತು. ಇಲ್ಲಿ ಎಲೆಕ್ಟ್ರಾನ್ ಇದೆ, ನೀವು ಬಿಟ್ಟಿದ್ದೀರಿ ಎನ್ನುವ ಗುರುತು ಅದು. ಒಂದು ಕಡೆ ಚಪ್ಪಟೆ ಉಂಗುರ, ಇನ್ನೊಂದು ಕಡೆ ಗುಂಡಗೆ ಫಾಸ್ಫೇಟ್, ಮೂರನೆಯ ತುದಿ ನೇರ ಲೈಸಿನಿನ ಕಡೆಗೆ ಚಾಚಿದೆ. ಅವಳು ಮೌಸ್ ಬಿಟ್ಟು, "ಹಳದಿ ಇಲ್ಲೈತ್ರಿ ಸರ್" ಅಂದಳು.

ಕೊನೆಗೆ, ಪ್ರೋಟೀನಿನ ಸರಪಳಿ ಹೇಗೆ ತಿರುಚಬಹುದು, ಹೇಗೆ ತಿರುಚಬಾರದು ಎಂದು ತೋರಿಸುವ ರಾಮಚಂದ್ರನ್ ನಕ್ಷೆ ನೋಡಿದೆವು. ಜಿ.ಎನ್. ರಾಮಚಂದ್ರನ್ ಅವರ ತಂಡ 1963ರಲ್ಲಿ ಮದ್ರಾಸಿನಿಂದ ಕೊಟ್ಟ ಈ ನಕ್ಷೆ ಇಲ್ಲದೆ ಇವತ್ತಿಗೂ ಜಗತ್ತಿನ ಯಾವ ಪ್ರೋಟೀನ್ ರಚನೆಯೂ ಪಾಸಾಗುವುದಿಲ್ಲ. ನಮ್ಮದರಲ್ಲಿ ಎರಡು ಅಮೈನೋ ಆಮ್ಲ ನಿಷಿದ್ಧ ಜಾಗದಲ್ಲಿ ಬಿದ್ದಿದ್ದವು. ಒಂದನ್ನು ಸರಿಪಡಿಸಿದೆವು, ಇನ್ನೊಂದು ಸರಿಹೋಗಲಿಲ್ಲ.

ಅಮೈನೋ ಆಮ್ಲಗಳ ಸಾಲು ಕೊಟ್ಟರೆ ಆಕಾರ ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಫೋಲ್ಡ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನೋಡಿದ್ದೆವು. 2021ರಿಂದ ಅದರ ಮಾದರಿಗಳು ಎಲ್ಲರಿಗೂ ಸಿಗುತ್ತವೆ. ಪೀಪಾಯಿ ತದ್ರೂಪ. ಆದರೆ ಅದರ ಬಾಯಿ ಖಾಲಿ. ಅಮೈನೋ ಆಮ್ಲದ ಸರಪಳಿ ಬಿಟ್ಟು ಬೇರೇನನ್ನೂ ಆ ಮಾದರಿ ಇಡುವುದಿಲ್ಲ. ಅದೂ ಅಲ್ಲದೆ, ಆಲ್ಫಾಫೋಲ್ಡ್ ಕಲಿತದ್ದು ಡೇಟಾ ಬ್ಯಾಂಕಿನ ರಚನೆಗಳಿಂದಲೇ. ಉತ್ತರಪತ್ರಿಕೆ ಓದಿದ ಹುಡುಗನನ್ನು ಅದೇ ಪ್ರಶ್ನೆ ಕೇಳಿದಂತೆ.

ಕೆಲಸದ ಮಾತು

ಕರಾರು ಮುಗಿಯಿತು, ಲೇಖನ ಕೊಟ್ಟೆ. ಪ್ರಕರಣದ ಗಟ್ಟಿ ಭಾಗ ಇಲ್ಲಿದೆ.

ಬ್ರೂಕ್‌ಹೇವನ್ನಿನವರಿಗೆ ಹೊಸ ಆಕಾರದ ನಿರೀಕ್ಷೆ ಇತ್ತು, ಸಿಕ್ಕಿದ್ದು ಎಲ್ಲೆಡೆ ಇರುವ ಪೀಪಾಯಿ. ಅವರು ಅದನ್ನು ಮುಚ್ಚಿಡದೆ ಬರೆದರು. ಬಿ6 ಕೂತ ಈ ಪೀಪಾಯಿ ಅಲನಿನ್ ರೇಸಿಮೇಸ್, ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್ ಎಂಬ ಎಂಜೈಮುಗಳ ಮೊದಲ ಭಾಗವನ್ನು ಹೋಲುತ್ತದೆ. ಆ ಹೋಲಿಕೆಯಿಂದ ಕೆಲಸ ಊಹಿಸಿದರು. ಅಮೈನೋ ಆಮ್ಲವನ್ನು ಅದರ ಕನ್ನಡಿ ರೂಪಕ್ಕೆ ತಿರುಗಿಸುವ ಚಟುವಟಿಕೆ, ಅಂದರೆ ರೇಸಿಮೇಸ್ ಕೆಲಸ, ಕಂಡಿದೆ ಎಂದೂ ವರದಿ ಮಾಡಿದರು.

ಅವಳ ತಕರಾರು ಎದ್ದದ್ದು ಇಲ್ಲೇ, ನನಗೂ ಅದೇ ಸರಿ ಅನ್ನಿಸಿತು. ಅಲನಿನ್ ರೇಸಿಮೇಸಿಗೆ ಎರಡು ಭಾಗ ಇವೆ, ಅದು ಜೋಡಿಯಾಗಿ ಕೆಲಸ ಮಾಡುತ್ತದೆ. ಒಂದು ಕಡೆಯಿಂದ ಲೈಸಿನ್ ಪ್ರೋಟಾನನ್ನು ಕಿತ್ತುಕೊಂಡರೆ ಇನ್ನೊಂದು ಕಡೆಯಿಂದ ಟೈರೋಸಿನ್ ಕೊಡುತ್ತದೆ. ಆ ಟೈರೋಸಿನ್ ಬರುವುದು ಜೊತೆಗಾರನ ಎರಡನೆಯ ಭಾಗದಿಂದ. ನಮ್ಮ ಪ್ರೋಟೀನು ಒಂಟಿ, ಎರಡನೆಯ ಭಾಗವೂ ಇಲ್ಲ. "ಒಂದ ಕೈಲೆ ಹೆಂಗ ಚಪ್ಪಾಳೆ ಹೊಡಿತೈತ್ರಿ?" ಎಂದು ಅವಳ ಪ್ರಶ್ನೆ. ಅಲನಿನ್ ಇಟ್ಟು ಆರು ತಾಸು ಕಾದು ನೋಡಿದೆವು, ನಮಗೇನೂ ಕಾಣಲಿಲ್ಲ. ನಮ್ಮ ವಿಧಾನ ಒರಟು, ಅದರಿಂದ ಯಾವ ತೀರ್ಪನ್ನೂ ಕೊಡಲಾಗದು. ಆದರೆ ಇದೇ ಬಳಗದ ಇ. ಕೋಲಿ ಪ್ರೋಟೀನ್ ವೈಜಿಜಿಎಸ್ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲೂ ರೇಸಿಮೇಸ್ ಚಟುವಟಿಕೆ ಸಿಗಲಿಲ್ಲ. ಆ ಜೀನು ಇಲ್ಲದ ಬ್ಯಾಕ್ಟೀರಿಯಾದಲ್ಲಿ ಐಸೊಲ್ಯೂಸಿನ್, ವ್ಯಾಲಿನ್ ಲೆಕ್ಕಾಚಾರ ಏರುಪೇರಾಗಿತ್ತು.

ಮುಖ ನೋಡಿ ಮಣೆ ಹಾಕಿದ್ದು ಅನ್ನಬಹುದೇನೋ. ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಆಕಾರ ಸರಿ, ಬಿ6 ಸರಿ, ಜಾಗ ಸರಿ. ಉದ್ಯೋಗವನ್ನು ಮಾತ್ರ ಬೀಗರ ಉದ್ಯೋಗ ನೋಡಿ ಹೇಳಿದರು.

ಮನುಷ್ಯರಲ್ಲೂ ಇದೇ ಪ್ರೋಟೀನಿನ ಅಣ್ಣ ಒಬ್ಬನಿದ್ದಾನೆ. ಪಿಎಲ್‌ಪಿಬಿಪಿ ಎನ್ನುತ್ತಾರೆ, ಹಳೆಯ ಹೆಸರು ಪಿಆರ್‌ಒಎಸ್‌ಸಿ. ಆ ಜೀನು ಕೆಟ್ಟ ಶಿಶುಗಳಿಗೆ ಹುಟ್ಟಿದ ಸ್ವಲ್ಪ ದಿನಗಳಲ್ಲೇ ಫಿಟ್ಸ್ ಬರುತ್ತದೆ, ಬಿ6 ಕೊಟ್ಟರೆ ಹಿಡಿತಕ್ಕೆ ಬರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಹುಬ್ಬಳ್ಳಿಯ ಮಕ್ಕಳ ಡಾಕ್ಟರ್ ಗೆಳೆಯನಿಗೆ ಇದನ್ನು ಹೇಳಿದೆ. ಯಾವ ಔಷಧಕ್ಕೂ ಬಗ್ಗದ ಫಿಟ್ಸ್ ಇರುವ ಶಿಶುವಿಗೆ ಬಿ6 ಕೊಟ್ಟು ನೋಡುವುದು ಅವನಿಗೆ ಹಳೆಯ ಪಾಠ. ಹಿಂದೆ ಇಂಥ ಜೀನೂ ಇರಬಹುದು ಎನ್ನುವುದು ಹೊಸದು. "ಅಂದ್ರ ನಿಮ್ಮ ಬೇಕರಿ ಯೀಸ್ಟಿನ ಸಂಬಂಧಿಕ ನಮ್ಮ ವಾರ್ಡಿನ್ಯಾಗ ಅದಾನ ಅನ್ನು" ಎಂದ.

ಬಿ6ನ ಈ ರೂಪ ಬಿಡಿಯಾಗಿ ಅಡ್ಡಾಡಿದರೆ ಜೀವಕೋಶಕ್ಕೆ ಅಪಾಯ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದನ್ನು ಹಿಡಿದಿಟ್ಟು, ಬೇಕಾದ ಎಂಜೈಮಿಗೆ ತಲುಪಿಸುವುದು ಈ ಬಳಗದ ಕೆಲಸ ಎನ್ನುವುದು ಈಗಿನ ಊಹೆ. ಹಾಗಿದ್ದರೆ ಆ ಹಳದಿ ಕೆಲಸದ ಸಾಧನವಲ್ಲ, ಹೊತ್ತ ಸರಕು. ಯಾರ ಕೈಗೆ ಹೇಗೆ ದಾಟಿಸುತ್ತದೆ ಎನ್ನುವುದು 1ಸಿಟಿ5ರಲ್ಲೂ ಕಾಣದು, ನಮ್ಮ 2.8ರಲ್ಲೂ ಕಾಣದು. ಹರಳಿನಲ್ಲಿ ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇದರ ಫಂಕ್ಷನ್ ಏನು ಎಂದು ಕೇಳಿದರು. "ಕೆಲಸ ಗೊತ್ತಿಲ್ರಿ ಸರ್. ಕೈಯಾಗ ಏನ ಹಿಡಕೊಂಡೈತಿ ಅಂತ ಗೊತ್ತೈತ್ರಿ" ಅಂದಳು. ಅವರು ನಕ್ಕು, ಹಾಗಾದರೆ ಪ್ರಬಂಧದಲ್ಲಿ ರೇಸಿಮೇಸ್ ಎಂದು ಬರೆದದ್ದನ್ನು ಹೊಡೆದುಹಾಕು ಎಂದರು. ಅದನ್ನು ಬರೆಸಿದವನು ನಾನು, ಹಳೆಯ ಲೇಖನದ ಮೇಲಿನ ಗೌರವಕ್ಕೆ. ಮೂರು ಕಡೆ ಇತ್ತು, ಮೂರೂ ಕಡೆ ಅವಳೇ ಪೆನ್ನಿನಿಂದ ಹೊಡೆದು ಸಹಿ ಹಾಕಿದಳು.

ಉಳಿದ ಎರಡು ಟ್ಯೂಬು ಪ್ರೋಟೀನು ನಮ್ಮ ಫ್ರೀಜರಿನ ಮೇಲಿನ ಅರೆಯಲ್ಲಿವೆ. ಈ ವರ್ಷ ಗದಗಿನ ಹುಡುಗನೊಬ್ಬ ಅವನ್ನು ತೆಗೆದುಕೊಂಡಿದ್ದಾನೆ. ಬಿ6 ಕಳಚಿದ ಬೇರೊಂದು ಎಂಜೈಮನ್ನು ಪಕ್ಕದಲ್ಲಿಟ್ಟು, ಹಳದಿ ಅದಕ್ಕೆ ದಾಟುತ್ತದೆಯೇ ಎಂದು 420ರಲ್ಲಿ ನೋಡುತ್ತಿದ್ದಾನೆ.